ಮೂರು ದಿನದ ಬೆಣೆ

ಚೆನ್ನಪ್ಪನವರು ನಮ್ಮ ತರಬೇತಿ ಕೇಂದ್ರಕ್ಕೆ ಎಲೆಕ್ಟ್ರಿಷಿಯನ್ ವಿಭಾಗದ ಮಾಷ್ಟ್ರಾಗಿ ಸೇರಿದ್ದು ಐವತ್ತಾರನೇ ಇಸವಿಯ ಜೂನಿನಲ್ಲಿ. ನಾನು ಅದಕ್ಕಿಂತ ಎರಡು ವರ್ಷ ಮೊದಲಿನಿಂದ ಅಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದೆ. ಕೇಂದ್ರ ಎಂದರೆ ಮಂಗಳೂರಿನಿಂದ ಪಡೀಲಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಹಂಚು ಹೊದಿಸಿದ ಎರಡು ಉದ್ದದ ಶೆಡ್ಡುಗಳು ಮತ್ತು ಒಂದು ಆಫೀಸು. ಚೆನ್ನಪ್ಪನವರು ಬಂದದ್ದು ಹಂಚಿನ ಕಾರ್ಖಾನೆಯಿಂದ. ಅಲ್ಲಿ ಹದಿನಾಲ್ಕು ವರ್ಷ ಮೋಟಾರು, ಸ್ವಿಚ್ಚು, ವೈರುಗಳ ಕೆಲಸ ನೋಡಿಕೊಂಡಿದ್ದರು. ಅವರ ಎಡಗೈಯ ಕೊನೆಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಮಣ್ಣು ಅರೆಯುವ ಯಂತ್ರವನ್ನು ನಿಲ್ಲಿಸಲು ಒಂದು ದಿನ ಅವರು ಸ್ವಿಚ್ಚಿನ ಹಿಡಿಕೆ ಎಳೆದಾಗ, ಕಬ್ಬಿಣದ ಪೆಟ್ಟಿಗೆಯೇ ಸ್ಕ್ರೂ ಸಮೇತ ಗೋಡೆಯಿಂದ ಕಿತ್ತು ಅವರ ಕೈಮೇಲೆ ಬಂದಿತ್ತಂತೆ. ಈ ಸಂಗತಿಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ.

ಎಲೆಕ್ಟ್ರಿಷಿಯನ್ ಅಂದರೆ ವೈರು ಜೋಡಿಸುವವ ಎಂದು ಎಲ್ಲರೂ ತಿಳಿದಿದ್ದರು. ಚೆನ್ನಪ್ಪನವರ ತಲೆಯಲ್ಲಿ ಇದ್ದದ್ದು ಬೇರೆ. ವೈರು ತಪ್ಪಿದರೆ ಬಲ್ಬು ಉರಿಯುವುದಿಲ್ಲ, ಆ ಕೂಡಲೇ ಗೊತ್ತಾಗುತ್ತದೆ. ಗೋಡೆಗೆ ಕೂರಿಸಿದ್ದು ತಪ್ಪಿದರೆ ಗೊತ್ತಾಗುವುದು ಬೀಳುವಾಗ. ಮಂಗಳೂರಿನ ಗೋಡೆಗಳೆಲ್ಲ ಮುರಕಲ್ಲಿನವು. ಆ ಕೆಂಪು ಕಲ್ಲಿನ ಮೈತುಂಬ ತೂತು, ಉಗುರಿನಿಂದ ಕೆರೆದರೂ ಪುಡಿ ಉದುರುತ್ತದೆ. ಅದರಲ್ಲಿ ಒಂದು ತೂತು ಕೊರೆದು, ಮರದ ಬೆಣೆಯನ್ನು ಸುತ್ತಿಗೆಯಲ್ಲಿ ಬಡಿದು, ಅದಕ್ಕೆ ಸ್ಕ್ರೂ ಹಾಕಿದರೆ ಇವತ್ತಿಗೆ ಗಟ್ಟಿಯಾಗಿಯೇ ಇರುತ್ತದೆ. ಹತ್ತಿರದಲ್ಲಿ ಮೋಟಾರು ಓಡುತ್ತಿದ್ದರೆ ಆರು ತಿಂಗಳಲ್ಲಿ ಬೆಣೆಯ ಸುತ್ತಲಿನ ಕಲ್ಲು ಹಿಟ್ಟಾಗಿ ಸಡಿಲವಾಗುತ್ತದೆ. ಸರಿಯಾದ ಕ್ರಮ ಎಂದರೆ, ಬಾಯಿ ಕಿರಿದಾಗಿ ಒಳಗೆ ಅಗಲವಾಗಿರುವ ಹಾಗೆ ಗುಳಿ ಕಡಿಯಬೇಕು. ಹಲಸಿನ ಮರದ ಬೆಣೆಯ ದಪ್ಪ ತುದಿಯನ್ನು ಒಳಗಿಟ್ಟು, ಸುತ್ತ ಸಿಮೆಂಟು ತುಂಬಿ, ಮೂರು ದಿನ ನೀರು ಹನಿಸುತ್ತ ಬಿಡಬೇಕು. ನಾಲ್ಕನೆಯ ದಿನ ಸ್ಕ್ರೂ.

ಕೇಂದ್ರದಲ್ಲಿ ಇದನ್ನು ಕಲಿಸಲು ಗೋಡೆ ಇರಲಿಲ್ಲ. ವಿದ್ಯಾರ್ಥಿಗಳು ಎರಡು ವರ್ಷ ಸಾಗುವಾನಿಯ ಹಲಗೆಗಳ ಮೇಲೆ ಸ್ವಿಚ್ಚು ಕೂರಿಸಿ ಕಲಿತು ಹೊರಗೆ ಹೋಗುತ್ತಿದ್ದರು. ಪಾಠದ ಪುಸ್ತಕ ಇಂಗ್ಲಿಷಿನದ್ದು. ಅದರಲ್ಲಿದ್ದದ್ದು ಇಟ್ಟಿಗೆಯ ಗೋಡೆ. ಮುರಕಲ್ಲು ಎಂಬ ವಸ್ತು ಲೋಕದಲ್ಲಿ ಉಂಟೆಂದು ಅದನ್ನು ಬರೆದವನಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಹತ್ತು ಅಡಿ ಉದ್ದ, ಆಳೆತ್ತರದ ಒಂದು ಮುರಕಲ್ಲಿನ ಗೋಡೆ ಬೇಕೆಂದು ಚೆನ್ನಪ್ಪನವರು ಅರ್ಜಿ ಬರೆದರು. ಅದು ಮದ್ರಾಸಿಗೆ ಹೋಯಿತು. ಆ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇದು ಇನ್ನು ನಮ್ಮ ವಿಷಯವಲ್ಲ ಎಂದು ಮದ್ರಾಸಿನವರು ಬರೆದರು. ಹೊಸದಾಗಿ ಕಳಿಸಿ ಎಂದು ಬೆಂಗಳೂರಿನವರು ಬರೆದರು. ಕಳಿಸಿದೆವು. ನಕ್ಷೆ ಬೇಕೆಂದರು. ನಾನೇ ಬರೆದುಕೊಟ್ಟೆ. ಈಗಿರುವ ಗೋಡೆಗಳನ್ನೇ ಯಾಕೆ ಬಳಸಬಾರದು ಎಂದು ಕೇಳಿದರು. ಸರಕಾರಿ ಕಟ್ಟಡದ ಗೋಡೆಗೆ ತೂತು ಮಾಡಬಾರದೆಂದು ನೀವೇ ಆಜ್ಞೆ ಮಾಡಿದ್ದೀರಿ ಎಂದು ನಮ್ಮ ಸೂಪರಿಂಟೆಂಡೆಂಟ್ ಮೋಹನದಾಸರು ಬಹಳ ವಿನಯದಿಂದ ಉತ್ತರ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಹೀಗೆ ಮೂರು ವರ್ಷ ಕಳೆಯಿತು.

ಐವತ್ತೊಂಬತ್ತರಲ್ಲಿ ಚೆನ್ನಪ್ಪನವರ ತಾಳ್ಮೆ ಮುಗಿಯಿತು. ಕಲ್ಲುಕೋರೆಯಿಂದ ಮುರಕಲ್ಲು ಸಾಗಿಸುವ ಅಹ್ಮದ್ ಬಾವ ಅವರ ಹಳೆಯ ಪರಿಚಯದವರು. ಮೂಲೆ ಒಡೆದ, ಯಾರೂ ಕೊಳ್ಳದ ಕಲ್ಲುಗಳನ್ನು ಬಾವ ಎರಡು ಗಾಡಿ ತಂದು ಶೆಡ್ಡಿನ ಹಿಂದೆ ಸುರಿದು ಹೋದರು. ಒಂಬತ್ತು ದಿನಗಳಲ್ಲಿ ಮಾಷ್ಟ್ರೂ ವಿದ್ಯಾರ್ಥಿಗಳೂ ಸೇರಿ ಗೋಡೆ ಎಬ್ಬಿಸಿದರು. ಮೋಹನದಾಸರು ಕೆಟ್ಟವರಲ್ಲ, ಹೆದರಿಕೆಯವರು. ಗೋಡೆಯ ಮುಂದೆ ಬಹಳ ಹೊತ್ತು ನಿಂತು ನೋಡಿದರು.

"ಇದಕ್ಕೆ ಎಂತ ಹೆಸರು ಕೊಡುವುದು ಚೆನ್ನಪ್ಪ? ಗೋಡೆ ಅಂತ ಬರೆದ್ರೆ ಕಟ್ಟಡದ ಇಲಾಖೆಯವರು ಬಂದು ಕೆಡವಿಸ್ತಾರೆ."

ಸ್ಟೋರಿನ ಎಡ್ವಿನ್ ಪಕ್ಕದಲ್ಲಿದ್ದ. "ಬೋರ್ಡ್ ಅಂತ ಬರೆಯುವ ಸರ್," ಎಂದ. "ಬೋರ್ಡ್, ಕಲ್ಲಿನದ್ದು."

ಸ್ಟೋರಿನ ಲೆಕ್ಕದ ಪುಸ್ತಕದಲ್ಲಿ ಹಾಗೆಯೇ ಬರೆದದ್ದಾಯಿತು. ಆ ಒಂದು ವರ್ಷ ಚೆನ್ನಪ್ಪನವರ ಮುಖದಲ್ಲಿ ಗೆಲುವಿತ್ತು. ಎಂದೂ ನಗದಿದ್ದ ಮನುಷ್ಯ ಊಟದ ಹೊತ್ತಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿ, ಹುಡುಗರು ಕಡಿದ ಗುಳಿಗಳೊಳಗೆ ಬೆರಳು ಹಾಕಿ ನೋಡಿ ಎನ್ನುತ್ತಿದ್ದರು.

ಆ ವರ್ಷದ ತಂಡದಲ್ಲಿ ಲ್ಯಾನ್ಸಿ ಎಂಬವನಿದ್ದ. ಅವನ ತಂದೆ ಜೊಕಿಮ್ ಪೊರ್ಬುಗಳು ಬೇಕರಿಯಲ್ಲಿ ರೊಟ್ಟಿ ಸುಡುವವರು. ಲ್ಯಾನ್ಸಿಯ ಕೈ ನಿಧಾನ, ಆದರೆ ಮಾಡಿದ್ದನ್ನು ಎರಡನೆಯ ಸಲ ಮುಟ್ಟಬೇಕಾಗಿರಲಿಲ್ಲ. ಕಾಫಿ ಬೀಜ ಹಸನು ಮಾಡುವ ಒಂದು ಕಾರ್ಖಾನೆಯವರು, ಜುಲೈಯೊಳಗೆ ಸರ್ಟಿಫಿಕೇಟು ತಂದರೆ ಕೆಲಸ ಕೊಡುತ್ತೇವೆ ಎಂದು ಅವನಿಗೆ ಮಾತು ಕೊಟ್ಟಿದ್ದರು.

ಅರವತ್ತರ ಮೇ ತಿಂಗಳಲ್ಲಿ ಬೇರೆ ಜಿಲ್ಲೆಯಿಂದ ಪರೀಕ್ಷಕರು ಬಂದರು. ಅದುವರೆಗಿನ ಪರೀಕ್ಷೆಗಳೆಲ್ಲ ಹಲಗೆಯ ಮೇಲೆ ನಡೆದಿದ್ದವು. ಇವರು ಶೆಡ್ಡಿನ ಹಿಂದೆ ಸುತ್ತು ಹಾಕಿ ಗೋಡೆ ನೋಡಿದವರೇ, ಇಷ್ಟು ಒಳ್ಳೆಯ ಗೋಡೆ ಇರುವಾಗ ಹಲಗೆ ಯಾಕೆ ಎಂದರು. ಮೈನ್ ಸ್ವಿಚ್ಚನ್ನು ಗೋಡೆಗೆ ಕೂರಿಸಿ, ವೈರು ಜೋಡಿಸಿ, ಚಾಲೂ ಮಾಡಿ ತೋರಿಸಬೇಕು. ಕೊಟ್ಟ ಸಮಯ ನಾಲ್ಕು ಗಂಟೆ ಮಾತ್ರ.

ಚೆನ್ನಪ್ಪನವರ ಮುಖ ಕಪ್ಪಿಟ್ಟಿತು. ಪರೀಕ್ಷೆ ನಡೆಯುವಾಗ ಕಲಿಸಿದ ಮಾಷ್ಟ್ರು ಮಾತಾಡುವಂತಿಲ್ಲ. ಏಳು ಮಂದಿಯಲ್ಲಿ ಆರು ಮಂದಿ ಗಡಿಯಾರ ನೋಡಿ, ದುಂಡಗಿನ ತೂತು ಕೊರೆದು, ಒಣ ಬೆಣೆ ಬಡಿದು, ಸ್ವಿಚ್ಚು ಕೂರಿಸಿದರು. ಲ್ಯಾನ್ಸಿ ಕಲಿತ ಹಾಗೆ ಗುಳಿ ಕಡಿದ, ಬೆಣೆ ಇಟ್ಟು ಸಿಮೆಂಟು ತುಂಬಿದ, ವೈರುಗಳನ್ನೆಲ್ಲ ಸಿದ್ಧ ಮಾಡಿ, ಸ್ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡು ನಿಂತ. ಸಿಮೆಂಟು ಹಸಿ. ನಾಲ್ಕು ಗಂಟೆ ಮುಗಿಯಿತು. ಕೆಲಸ ಅಪೂರ್ಣ ಎಂದು ಪರೀಕ್ಷಕರು ಬರೆದರು.

ಚೆನ್ನಪ್ಪನವರು ಅವರ ಹಿಂದೆಯೇ ಆಫೀಸಿಗೆ ಹೋದರು. ಮೂರು ದಿನ ಬಿಟ್ಟು ಬಂದು ನೋಡಬೇಕು, ಏಳೂ ಬೆಣೆಗಳಿಗೆ ಭಾರ ತೂಗುಹಾಕಿ ನೋಡಬೇಕು, ಯಾವುದು ನಿಲ್ಲುತ್ತದೆ ಎಂದು ಆಗ ತಿಳಿಯುತ್ತದೆ ಎಂದು ಕೇಳಿಕೊಂಡರು. ಪರೀಕ್ಷಕರು ಸಿಟ್ಟಾಗಲಿಲ್ಲ. ತಮ್ಮ ಕೈಯಲ್ಲಿದ್ದ ಹಾಳೆಯನ್ನೇ ತೋರಿಸಿದರು.

"ನೋಡಿ ಇವರೇ, ಭಾರಕ್ಕೆ ಇದರಲ್ಲಿ ಕಾಲಮ್ಮೇ ಇಲ್ಲ. ನಾನು ಎಲ್ಲಿ ಬರೆಯಲಿ?"

ಮೂರು ದಿನ ಕಳೆದ ಮೇಲೆ ಚೆನ್ನಪ್ಪನವರು ತಾವೇ ಒಂದು ಹಳೆಯ ಮೋಟಾರನ್ನು ಹಗ್ಗದಲ್ಲಿ ಕಟ್ಟಿ ಒಂದೊಂದೇ ಬೆಣೆಗೆ ತೂಗುಹಾಕಿದರು. ಆರರಲ್ಲಿ ನಾಲ್ಕು ಕಿತ್ತು ಬಂದವು. ಲ್ಯಾನ್ಸಿಯದ್ದು ಅಲ್ಲಾಡಲಿಲ್ಲ. ಮೋಹನದಾಸರನ್ನು ಕರೆದು ತೋರಿಸಿದರು. ಅವರು ನೋಡಿದರು, ತಲೆಯಾಡಿಸಿದರು, ಫಲಿತಾಂಶದ ಹಾಳೆ ಮೊನ್ನೆಯೇ ಅಂಚೆಗೆ ಹೋಯಿತು ಎಂದರು.

ಜೂನಿನಲ್ಲಿ ಲ್ಯಾನ್ಸಿ ತನ್ನ ಸಲಕರಣೆಯ ಚೀಲ ಹಿಂದೆ ಕೊಡಲು ಬಂದ. ನಾನು ಅಲ್ಲೇ ಕೂತಿದ್ದೆ. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂರು, ನಾನು ಬೇಕಾದ್ದು ಮಾಡುತ್ತೇನೆ ಎಂದು ಚೆನ್ನಪ್ಪನವರು ಹೇಳಿದರು. ಅವನು ಅವರ ಮುಖ ನೋಡಲಿಲ್ಲ.

"ನೀವು ಕಲಿಸಿದ ಹಾಗೆಯೇ ಮಾಡಿದ್ದು ಮಾಷ್ಟ್ರೆ. ಅದಕ್ಕೇ ಫೇಲಾದದ್ದು."

ಅಷ್ಟು ಹೇಳಿ ಚೀಲ ಮೇಜಿನ ಮೇಲಿಟ್ಟು ಹೋದ. ಕಾಫಿ ಕಾರ್ಖಾನೆಯ ಕೆಲಸ ಆ ಆರು ಮಂದಿಯಲ್ಲಿ ಒಬ್ಬನಿಗೆ ಸಿಕ್ಕಿತು. ಲ್ಯಾನ್ಸಿ ಬೊಂಬಾಯಿಗೆ ತನ್ನ ಮಾವನಲ್ಲಿಗೆ ಹೋದನೆಂದು ಆಮೇಲೆ ತಿಳಿಯಿತು. ಅವನು ಚೀಲ ಇಟ್ಟುಹೋದ ದಿನ ಚೆನ್ನಪ್ಪನವರು ಊಟದ ಬುತ್ತಿ ಬಿಚ್ಚಲಿಲ್ಲ.

ಮರುವರ್ಷದಿಂದ ಅವರು ಎರಡು ಕ್ರಮ ಕಲಿಸತೊಡಗಿದರು. ಗೋಡೆಯ ಎಡಭಾಗದಲ್ಲಿ ಒಣ ಬೆಣೆ, ಬಲಭಾಗದಲ್ಲಿ ಸಿಮೆಂಟಿನದ್ದು. ಇದು ಪರೀಕ್ಷೆಗೆ, ಇದು ಜನರ ಮನೆಗೆ, ಹೊರಗೆ ಹೋದ ಕೂಡಲೇ ಮೊದಲಿನದ್ದನ್ನು ಮರೆತುಬಿಡಿ ಎನ್ನುತ್ತಿದ್ದರು. ತಪ್ಪನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ ಎಂಬ ಕಿರಿಕಿರಿ ಅವರನ್ನು ಬಿಡಲಿಲ್ಲ. ಸಣ್ಣ ಮಾತಿಗೂ ರೇಗುತ್ತಿದ್ದರು. ಅವರ ಹೆಂಡತಿ ಹೇಮಾಕ್ಷಿಯಕ್ಕ ಒಮ್ಮೆ ನನ್ನ ಹತ್ತಿರ ದೂರಿದರು. ಮನೆಯಲ್ಲಿ ದೇವರ ಪಟ ತೂಗುಹಾಕಲೂ ಮೂರು ದಿನ ಕಾಯಿಸಿದರಂತೆ. ಪಟ ಎಷ್ಟು ಭಾರ ಉಂಟು ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರಂತೆ.

ಪರೀಕ್ಷೆಯ ಕ್ರಮ ಬದಲಿಸಬೇಕೆಂದು ಅವರು ವರ್ಷಕ್ಕೊಂದು ಅರ್ಜಿ ಬರೆಯುತ್ತಿದ್ದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ನಿಮ್ಮ ಸಲಹೆಯನ್ನು ಗಮನಿಸಲಾಗಿದೆ ಎಂದು ಪ್ರತಿ ವರ್ಷ ಒಂದೇ ಸಾಲಿನ ಉತ್ತರ ಬರುತ್ತಿತ್ತು.

ಅರವತ್ತಮೂರರಲ್ಲಿ ಝೇವಿಯರ್ ಎಂಬ ಹಳೆಯ ವಿದ್ಯಾರ್ಥಿ ಓಡಿಕೊಂಡು ಬಂದ. ಅವನು ಕೇಂದ್ರಕ್ಕೇ ಮೊದಲಿಗನಾಗಿ ಪಾಸಾದವನು. ಪಡೀಲಿನ ಆಚೆ ಒಂದು ಅಕ್ಕಿ ಮಿಲ್ಲಿನಲ್ಲಿ ಅವನು ಕೂರಿಸಿದ ಮೋಟಾರಿನ ಸ್ಟಾರ್ಟರು ಪೆಟ್ಟಿಗೆ ಗೋಡೆಯಿಂದ ಕಳಚಿ, ಕೆಳಗೆ ಅಕ್ಕಿ ಕೇರುತ್ತಿದ್ದ ದೇಯಿ ಎಂಬ ಹೆಂಗಸಿನ ಭುಜದ ಮೇಲೆ ಬಿದ್ದಿತ್ತು. ಎಲುಬು ಮುರಿದಿತ್ತು. ವೈರು ತಾಗಿ ಮೊಣಕೈ ಸುಟ್ಟಿತ್ತು. ಜೀವ ಉಳಿದಿತ್ತು.

ಚೆನ್ನಪ್ಪನವರು ನನ್ನನ್ನೂ ಕರೆದುಕೊಂಡು ಮಿಲ್ಲಿಗೆ ಹೋದರು. ಗೋಡೆಯಲ್ಲಿ ದುಂಡಗಿನ ತೂತು, ಅದರ ಕೆಳಗೆ ಕೆಂಪು ಪುಡಿ. ಅವರು ಝೇವಿಯರಿಗೆ ಬೈಯಲಿಲ್ಲ, ಯಾಕೆ ಎಂದಷ್ಟೇ ಕೇಳಿದರು.

"ಮಾಲಕರು ಅದೇ ದಿನ ಮಿಲ್ಲು ಸುರು ಮಾಡಬೇಕು ಅಂದ್ರು," ಎಂದ ಝೇವಿಯರ್. "ನಾನು ಪಾಸಾದ ಕ್ರಮವೇ ಅಲ್ವಾ ಮಾಷ್ಟ್ರೆ, ಅದು."

ಅಲ್ಲಿಂದ ದೇಯಿಯ ಮನೆಗೆ ಹೋದೆವು. ಅವಳು ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು. ದೊಡ್ಡ ಆಫೀಸಿನವರು ಬಂದರೆಂದು ತಿಳಿದು ಎದ್ದು ನಿಲ್ಲಲು ನೋಡಿದಳು. ತನ್ನ ಮೇಲೆ ಯಾರೋ ತಪ್ಪು ಹೊರಿಸಲು ಬಂದಿದ್ದಾರೆ ಎಂದು ಅವಳಿಗೆ ಅನ್ನಿಸಿರಬೇಕು.

"ನಾನು ಅದನ್ನು ಮುಟ್ಟಿದ್ದಲ್ಲ ಧನಿ," ಎಂದಳು. "ಗೋಡೆಯಲ್ಲಿ ಇದ್ದದ್ದು ಗೋಡೆಯಲ್ಲೇ ಇರ್ತದೆ ಅಂತ ಕೆಳಗೆ ಕೂತದ್ದು."

ನೀನು ಮುಟ್ಟಿದ್ದಲ್ಲ, ತಪ್ಪು ನಮ್ಮದು ಎಂದು ಚೆನ್ನಪ್ಪನವರು ಹೇಳಿದರು. ಅವಳಿಗೆ ಅದು ಅರ್ಥವಾಗಲಿಲ್ಲ. ಮರುದಿನ ಅವರು ರಜೆ ಹಾಕಿ ಮಿಲ್ಲಿಗೆ ಹೋಗಿ ಹೊಸ ಗುಳಿ ಕಡಿದು ಬೆಣೆ ಕೂರಿಸಿದರು. ಮೂರು ದಿನ ಮಿಲ್ಲು ನಿಲ್ಲಿಸಬೇಕೆಂದಾಗ ಮಾಲಕರು ಗೊಣಗಿದರು. ಅದಕ್ಕೆ ಮೊದಲೇ ಸುರು ಮಾಡಿಯಾರು ಎಂದು ಚೆನ್ನಪ್ಪನವರು ಮೂರು ದಿನವೂ ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ಆ ವರ್ಷದ ಅರ್ಜಿಯಲ್ಲಿ ದೇಯಿಯ ಸಂಗತಿಯನ್ನು ಪೂರ್ತಿಯಾಗಿ ಬರೆದೆವು. ಗಮನಿಸಲಾಗಿದೆ ಎಂಬ ಉತ್ತರವೇ ಬಂತು.

ಅರವತ್ತಾರರ ಪರೀಕ್ಷೆಯ ದಿನ, ಸೋಮವಾರ, ಒಂದು ವಿಚಿತ್ರ ನಡೆಯಿತು. ಹನ್ನೊಂದು ಮಂದಿ ಎಂಟು ಗಂಟೆಗೆ ಕೆಲಸ ಹಿಡಿದಿದ್ದರು. ಒಂಬತ್ತೂವರೆಗೆ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದು ಹೊಗೆಯೆದ್ದು ಸತ್ತುಹೋಯಿತು. ಕರೆಂಟಿಲ್ಲದೆ ಚಾಲೂ ಮಾಡಿ ತೋರಿಸುವುದು ಹೇಗೆ? ದುರಸ್ತಿಗೆ ನಾಲ್ಕು ದಿನ ಬೇಕೆಂದು ಲೈನ್‌ಮ್ಯಾನ್ ಹೇಳಿದ. ಪರೀಕ್ಷಕರು ಯೋಚಿಸಿ, ಇವತ್ತು ಮಧ್ಯಾಹ್ನದವರೆಗೆ ಆಗುವಷ್ಟು ಮಾಡಿ, ಉಳಿದದ್ದು ಶುಕ್ರವಾರ ಎಂದರು.

ಗೋಡೆಯ ಮುಂದಿದ್ದವರಲ್ಲಿ ಒಬ್ಬ ತಾನು ಬಡಿದ ಒಣ ಬೆಣೆಯನ್ನು ಇಕ್ಕಳದಿಂದ ಎಳೆದು ತೆಗೆದು, ಉಳಿ ಹಿಡಿದು ಗುಳಿಯನ್ನು ಒಳಗಿನಿಂದ ಅಗಲ ಮಾಡತೊಡಗಿದ. ಪಕ್ಕದವನು ಅವನನ್ನು ನೋಡಿದ. ಹತ್ತು ನಿಮಿಷದಲ್ಲಿ ಹನ್ನೊಂದು ಮಂದಿಯೂ ಬೆಣೆ ಕಿತ್ತು ಗುಳಿ ಕಡಿಯುತ್ತಿದ್ದರು. ಯಾರೂ ಹೇಳಿರಲಿಲ್ಲ. ಚೆನ್ನಪ್ಪನವರು ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದರು. ನೋಡುತ್ತಿದ್ದ ಹಾಗೆಯೇ ತಟ್ಟನೆ ತಿರುಗಿ ನೀರು ಕುಡಿಯುವ ನೆಪದಲ್ಲಿ ಬಾವಿಯ ಕಡೆಗೆ ಹೋದರು.

ಶುಕ್ರವಾರ ಪರೀಕ್ಷಕರು ಹನ್ನೊಂದು ಸ್ವಿಚ್ಚುಗಳನ್ನೂ ಕೈಯಿಂದ ಎಳೆದು ನೋಡಿ ಎಲ್ಲರಿಗೂ ಅಂಕ ಕೊಟ್ಟರು. ವ್ಯತ್ಯಾಸ ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ಇದೇ ಕ್ರಮವನ್ನು ಪ್ರತಿ ವರ್ಷ ಇಡಬಹುದಲ್ಲ, ಎರಡು ದಿನದ ಪರೀಕ್ಷೆ, ನಡುವೆ ಬಿಡುವು ಎಂದು ಚೆನ್ನಪ್ಪನವರು ಕೇಳಿದರು. ಕರೆಂಟಿನ ತೊಂದರೆಯಿಂದ ಹೀಗಾಯಿತು, ಮುಂದಿನ ಸಲ ಆಗದಂತೆ ನೋಡಿಕೊಳ್ಳುತ್ತೇವೆ ಎಂದು ಪರೀಕ್ಷಕರು ಅವರನ್ನು ಸಮಾಧಾನ ಮಾಡಿದರು.

ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಅರವತ್ತೇಳರ ಪರೀಕ್ಷೆ ಮತ್ತೆ ನಾಲ್ಕು ಗಂಟೆಯದ್ದು. ಒಂಬತ್ತು ಮಂದಿ ಒಣ ಬೆಣೆ ಬಡಿದು ಪಾಸಾದರು. ಅಂದು ಸಂಜೆ ಬಸ್ಸಿಗೆ ಕಾಯುವಾಗ ಚೆನ್ನಪ್ಪನವರು ನನಗೆ ಹೇಳಿದರು:

"ಟ್ರಾನ್ಸ್‌ಫಾರ್ಮರಿಗೆ ಅರ್ಥ ಆದದ್ದು ಈ ಜನಕ್ಕೆ ಆಗುವುದಿಲ್ಲ ಮಾರಾಯ್ರೆ."

ಅರವತ್ತೆಂಟರಲ್ಲಿ ಅವರು ನಿವೃತ್ತರಾದರು. ಆಮೇಲೆ ಕದ್ರಿ ಕಡೆಯ ಮನೆಗಳವರು ಫ್ಯಾನು, ಮೀಟರು, ಪಂಪಿನ ಸ್ವಿಚ್ಚು ಕೂರಿಸಲು ಅವರನ್ನು ಕರೆಯುತ್ತಿದ್ದುದುಂಟು. ಮೂರು ದಿನ ಎಂದ ಕೂಡಲೇ ಹೆಚ್ಚಿನವರು ಬೇರೆಯವರನ್ನು ಹುಡುಕಿಕೊಂಡರು. ಡಾಲಿ ಬಾಯಿ ಎಂಬ ಒಬ್ಬ ನಿವೃತ್ತ ನರ್ಸಮ್ಮ ಮಾತ್ರ, ಎಷ್ಟು ದಿನ ಬೇಕಾದರೂ ಆಗಲಿ ಎಂದು ತಾವು ಕಟ್ಟಿಸುತ್ತಿದ್ದ ಇಡೀ ಮನೆಯ ಕೆಲಸವನ್ನು ಅವರಿಗೇ ಒಪ್ಪಿಸಿದರು. ಆ ಮನೆಯ ಹೊಸ ಗೋಡೆಗೆ ಮೊದಲ ಗುಳಿ ಕಡಿದ ದಿನ ಚೆನ್ನಪ್ಪನವರು ನನ್ನಲ್ಲಿಗೆ ಬಂದಿದ್ದರು. ಸಂತೋಷದ ಮುಖ ಇರಲಿಲ್ಲ. ಗಾರೆಯವರು ಸಿಮೆಂಟಿಗೆ ಕಡಲಿನ ಉಪ್ಪು ಮರಳು ಬೆರೆಸಿದ್ದಾರೆ, ಗೋಡೆಯೇ ಬಾಳುವುದಿಲ್ಲ, ಹೇಳಿದರೆ ಕೇಳುವುದಿಲ್ಲ, ಅದಕ್ಕೊಂದು ಅರ್ಜಿ ಬರೆಯಬೇಕು, ಯಾರಿಗೆ ಬರೆಯುವುದು ಎಂದು ಕೇಳಿದರು.