ಬೆನ್ನಿಗೆ ಬೀಳುತ್ತಿದ್ದ ಹರಳು

ನನ್ನ ಕೈ ಮೊದಲಿನಿಂದಲೂ ಬಾಯಿಗಿಂತ ಮುಂದೆ. ಇಳಕಲ್ ಹತ್ತಿರದ ಕೆಂಪು ಗ್ರಾನೈಟ್ ಕ್ವಾರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದಾಗ ಅದನ್ನೇ ದೊಡ್ಡ ಗುಣ ಅಂದುಕೊಂಡಿದ್ದೆ. ಬೈದರೆ ಕೆಲಸ ಸಾಗುವುದಿಲ್ಲ, ಎರಡು ಬಿಗಿದರೆ ಸಾಗುತ್ತದೆ ಎಂದು ಮಾಲೀಕರೆದುರು ಜಂಬ ಕೊಚ್ಚುತ್ತಿದ್ದೆ. ಅವರು ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಡ್ರಿಲ್ಲರ್ ಬಂಡೆಗೆ ತೂತು ಸೊಟ್ಟ ಕೊರೆದ. ದೊಡ್ಡ ಬ್ಲಾಕು ನಟ್ಟನಡುವೆ ಸೀಳಿ ಹಾಳಾಯಿತು. ನನ್ನ ತಲೆ ಕೆಟ್ಟಿತು. ಓಡಿಹೋಗಿ ಅವನ ಎಡಗಿವಿಯ ಮೇಲೆ ಅಂಗೈ ಬೀಸಿ ಹೊಡೆದೆ. ಮೊಣಕಾಲೂರಿ ಕುಸಿದ. ಎದ್ದು ನಿಂತಾಗ ಅದೇ ಕಿವಿಗೆ ಇನ್ನೊಂದು ಕೊಟ್ಟೆ. ಕಿವಿಯಿಂದ ರಕ್ತ ಸಣ್ಣಗೆ ಇಳಿದು ಕಲ್ಲಿನ ಪುಡಿಯಲ್ಲಿ ಬಿತ್ತು. ಅವನು ಟವೆಲ್ಲಿನಿಂದ ಒರೆಸಿಕೊಂಡು ಮತ್ತೆ ಮಷಿನ್ ಹಿಡಿದ. ನಾನು ಚಹಾ ಕುಡಿಯಲು ಹೋದೆ.

ಒಂದೆರಡು ವರ್ಷದ ಮೇಲೆ, ನಮ್ಮ ಕಲ್ಲು ಕೊಳ್ಳುವ ಹೊರದೇಶದ ಕಂಪನಿಯಿಂದ ಕಾಗದ ಬಂತು. ನಿಮ್ಮ ಕೆಲಸದಿಂದ ಯಾರಿಗೆ ಪೆಟ್ಟಾಗುತ್ತಿದೆ, ಯಾರ ಹಕ್ಕು ಹೋಗುತ್ತಿದೆ ಎಂದು ನೀವೇ ಹುಡುಕಿ, ಕೂಲಿಕಾರರನ್ನು ಕೇಳಿ, ಸರಿಪಡಿಸಿ. ಇಲ್ಲವಾದರೆ ನಿಮ್ಮ ಕಲ್ಲು ಬೇಡ, ನಾವೇ ಬಂದು ನೋಡುತ್ತೇವೆ ಎಂದಿತ್ತು. ಮಾಲೀಕರು ಕಾಗದದ ಜೊತೆಗಿದ್ದ ಫಾರ್ಮನ್ನು ನನಗೆ ಕೊಟ್ಟರು. "ನೀ ಬಾಗಲಕೋಟಿ ಕಾಲೇಜಿನ್ಯಾಗ ಓದಿದಾಂವ. ಎಲ್ಲಾರ್ನೂ ಕೇಳಿ ತುಂಬಿಬಿಡು."

ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆದೆ. "ಇಲ್ಲಿ ಯಾರರ ಹೊಡೀತಾರೇನ?" ಎಂದು ಕೇಳುವವನು ನಾನು. ಎಂಥ ನಾಚಿಕೆಗೇಡು. ಎಲ್ಲರೂ ನನ್ನ ಮುಖ ಬಿಟ್ಟು ಕೈ ನೋಡಿ "ಇಲ್ರಿ" ಎಂದರು. ಡ್ರಿಲ್ಲರ್ ಬಂದು ಬಲಗಿವಿ ನನ್ನ ಕಡೆ ಮಾಡಿ ನಿಂತ. ಮದ್ದು ಸಿಡಿಸುವ ಮುಂಚಿನ ಸೀಟಿ ಕೇಳಿಸುತ್ತದೆಯೇ ಎಂದೆ. "ಕೇಳಸ್ತೈತ್ರಿ. ಎಲ್ಲಾ ಚೊಲೋ ಐತ್ರಿ." ಬರೆದುಕೊಂಡೆ. ಮಧ್ಯಾಹ್ನದ ಊಟದ ಹೊತ್ತಿನೊಳಗೆ ಎಲ್ಲರ ಹಕ್ಕುಗಳೂ ಮುಗಿದವು.

ಅದೇ ವಾರ ಸೀಟಿ ಊದಿದಾಗ, ಡ್ರಿಲ್ಲರನ ಜೊತೆಗಾರ ಒಂದು ಹರಳು ಎತ್ತಿ ಅವನ ಬೆನ್ನಿಗೆ ಎಸೆದದ್ದು ಕಣ್ಣಿಗೆ ಬಿತ್ತು. ಇಬ್ಬರೂ ಓಡಿ ಬಂದರು. ಕಂಪನಿಯವರು ನೋಡಲು ಬರುವ ಹೊತ್ತಿನಲ್ಲಿ ಇವನಿಗೆ ಹುಡುಗಾಟ. ಕೈಗೆ ಸಿಕ್ಕ ಹಗ್ಗದಿಂದ ಜೊತೆಗಾರನ ಬೆನ್ನಿಗೆ ಬಾರಿಸಿದೆ. "ಮಗನ, ಇನ್ನೊಮ್ಮೆ ಕಲ್ಲು ಒಗದೀ ಅಂದ್ರ ಕೈ ಮುರೀತೇನಿ. ಸೇಫ್ಟಿ ಅಂದ್ರ ಏನಂತ ಗೊತ್ತೈತೇನಲೇ?" ಅವನು ಏನೋ ಹೇಳಲು ಬಾಯಿ ತೆರೆದ. ಡ್ರಿಲ್ಲರ್ ಅವನ ಅಂಗಿ ಜಗ್ಗಿ ಸುಮ್ಮನಾಗಿಸಿದ. ಮರುದಿನ ನಾನು ಬೋರ್ಡು ಬರೆಸಿದೆ: ಕ್ವಾರಿಯಲ್ಲಿ ಕಲ್ಲೆಸೆಯಬಾರದು.

ಮೂರು ದಿನ ಕಳೆದಿರಬೇಕು. ಮದ್ದಿನ ಬತ್ತಿಗೆ ಬೆಂಕಿ ಹಚ್ಚಿ ಸೀಟಿ ಊದಿದರು. ಎಲ್ಲರೂ ಓಡಿದರು. ಡ್ರಿಲ್ಲರ್ ಮಾತ್ರ ಕೆಳಗೆ, ನಮಗೆ ಬೆನ್ನು ಮಾಡಿ, ಬಗ್ಗಿ ಪೈಪು ಸುತ್ತುತ್ತಿದ್ದ. ಜೊತೆಗಾರ ಕೂಗಿದ. ಹರಳು ಎತ್ತಿಕೊಂಡ. ಎಸೆಯುವ ಮುಂಚೆ ನನ್ನ ಕಡೆ ನೋಡಿದ. ಅಷ್ಟರಲ್ಲಿ ಮದ್ದು ಸಿಡಿಯಿತು. ಹಂಡೆಯಷ್ಟು ದಪ್ಪನೆಯ ತುಂಡು ಹಾರಿ ಡ್ರಿಲ್ಲರನ ಕಾಲಿನ ಮೇಲೆ ಬಿತ್ತು. ಅವನ ಚೀರಾಟ ಇಂದಿಗೂ ನನ್ನ ಕಿವಿಯಲ್ಲಿದೆ. ಹಾರೆ ಹಾಕಿ ಕಲ್ಲೆಬ್ಬಿಸಿದಾಗ ಮೊಣಕಾಲಿನ ಕೆಳಗಿನದು ಬರೀ ಚರ್ಮದ ಮೇಲೆ ಜೋತಾಡುತ್ತಿತ್ತು.

ಜೀಪಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೊತೆಗಾರ ಹೇಳಿದ. "ನೀವು ಹೊಡದ ದಿನಾನ ಆ ಕಿವಿ ಹೋತ್ರಿ. ಇನ್ನೊಂದು ಮಷಿನ್ ಸಪ್ಪಳಕ್ಕ ಅರ್ಧಾ ಹೋಗೈತಿ. ಕಿವುಡ ಅಂತ ಗೊತ್ತಾದ್ರ ಕೆಲಸದಿಂದ ತಗೀತೀರಿ ಅಂತ ಅಂವ ಹೇಳಗೊಡ್ಲಿಲ್ಲ. ಸೀಟಿ ಊದಿದಾಗೊಮ್ಮೆ ನಾ ಹರಳು ಒಗದು ಕರೀತಿದ್ದೆ. ನೀವು ಬ್ಯಾಡ ಅಂದ್ರಿ."

ಬಾಗಲಕೋಟೆಯ ದವಾಖಾನೆಯಲ್ಲಿ ಕಾಲು ತೆಗೆದರು. ಎರಡು ದಿನ ಬಿಟ್ಟು ಅವನ ಮಂಚದ ಪಕ್ಕ ನಿಂತೆ. "ನಿನ್ನ ಕಿವಿ ಕಳದಾಂವ ನಾ. ಕಾಲೂ ನಾನ ಕಳದೆ. ತಪ್ಪಾತು," ಎಂದೆ. ಹೇಳುವಷ್ಟರಲ್ಲಿ ಅಳು ಬಂದಿತ್ತು. ಅವನು ಮೇಲೆ ತಿರುಗುವ ಫ್ಯಾನು ನೋಡುತ್ತಲೇ ಇದ್ದ. ಅವನ ಹೆಂಡತಿ ತಲೆ ಎತ್ತದೆ ಹೇಳಿದಳು. "ಈ ಕಡಿ ಬಂದು ಹೇಳ್ರಿ ಸಾಹೇಬ್ರ. ಅದು ನೀವು ಹೊಡದ ಕಿವಿ."

ಮಂಚ ಸುತ್ತಿ ಬಂದೆ. ಮತ್ತೆ ಹೇಳುವ ಧೈರ್ಯವಾಗಲಿಲ್ಲ. ಇನ್ನೂ ಕಳಿಸದೆ ಉಳಿದಿದ್ದ ಫಾರ್ಮು ಚೀಲದಲ್ಲಿತ್ತು. ಅದನ್ನೂ ಪೆನ್ನನ್ನೂ ಅಲ್ಲೇ ಗೋಡೆಗೊರಗಿ ನಿಂತಿದ್ದ ಜೊತೆಗಾರನ ಕೈಗಿಟ್ಟು, "ನೀ ಕೇಳು, ನೀನ ಬರಿ," ಎಂದೆ. ಅವನು ನನ್ನ 'ಇಲ್ಲ'ಗಳನ್ನು ಒಂದೊಂದಾಗಿ ಓದಿದ. ಆಮೇಲೆ ಗೆಳೆಯನ ಬಲಗಿವಿಗೆ ಬಗ್ಗಿದ.

"ಇಲ್ಲಿ ಯಾರರ ಹೊಡೀತಾರೇನ?"

ಡ್ರಿಲ್ಲರ್ ಕೈ ಎತ್ತಿ ನನ್ನನ್ನು ತೋರಿಸಿದ. ಜೊತೆಗಾರ ನನ್ನ ಹೆಸರು ಬರೆದುಕೊಂಡ.