ಪಟಗಾ ಕಟ್ಟಿದ ಕಲ್ಲುಗುಡ್ಡೆ

ಫಸಲಿ ಸನ್ 1320, ಅಂದರೆ ಇಂಗ್ಲಿಷರ ಲೆಕ್ಕದಲ್ಲಿ 1910ರ ಚಳಿಗಾಲ. ಆಗ ನಾನು ನಿಜಾಮ ಸರ್ಕಾರದ ಸರ್ವೆಯಲ್ಲಿ ಅಮೀನ, ಎಂದರೆ ಭೂಮಿ ಅಳೆಯುವ ನೌಕರ. ವಯಸ್ಸು ಇಪ್ಪತ್ತೇಳು, ಸಿಟ್ಟು ಮೂಗಿನ ತುದಿಯಲ್ಲಿ. ನಿಲಂಗಾದಿಂದ ಉದಗೀರದ ಕಡೆಗೆ ಹೋಗುವ ಗುಡ್ಡಗಳ ನೆತ್ತಿಗಳನ್ನು ಒಂದಕ್ಕೊಂದು ಜೋಡಿಸಿ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವೇನು ದೊಡ್ಡ ಗುಡ್ಡಗಳಲ್ಲ. ಕೆಳಗೆ ನಿಂತು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಹತ್ತಲು ಹೊರಟರೆ ಮಾತ್ರ ಸೀತಾಫಲದ ಪೊದೆ, ಮುತ್ತುಗದ ಕಾಡು, ಕಾರೆಮುಳ್ಳು, ಕಾಲಿಟ್ಟಲ್ಲಿ ಉರುಳುವ ಕರಿಕಲ್ಲು. ಒಂದು ನೆತ್ತಿ ಮುಟ್ಟುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಕೆಲಸದ ರೀತಿ ಹೇಳಿಬಿಡುತ್ತೇನೆ. ನೆತ್ತಿಯ ಮೇಲೆ ನಾಲ್ಕು ಅಡಿ ಎತ್ತರದ ಕಲ್ಲುಗುಡ್ಡೆ ಒಟ್ಟಿ, ನಡುವೆ ಗಳ ನೆಟ್ಟು, ಗಳಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಇದಕ್ಕೆ ಸ್ಟೇಷನ್ ಎಂದು ಹೆಸರು. ಆಮೇಲೆ ಬೇರೆ ಬೇರೆ ನೆತ್ತಿಗಳಿಗೆ ಹೋಗಿ, ಥಿಯೋಡೊಲೈಟ್ ಎಂಬ ಯಂತ್ರದ ದುರ್ಬೀನಿನಲ್ಲಿ ಆ ಬಟ್ಟೆಯನ್ನು ಹಿಡಿದು ಕೋನ ಓದಬೇಕು. ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಗುಡ್ಡ ಮೇಲಿನಿಂದ ಜೋತುಬಿದ್ದ ಹಾಗೆ, ಅದರ ತುದಿಗೆ ಮನುಷ್ಯರು ಬಾವಲಿಗಳ ಹಾಗೆ. ಅಭ್ಯಾಸವಾದ ಮೇಲೆ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನನ್ನ ಜೊತೆ ನಾಲ್ವರು ಖಲಾಸಿಗಳಿದ್ದರು. ಸರಪಳಿ ಹಿಡಿಯುವವರು, ಕಲ್ಲು ಒಟ್ಟುವವರು ಅವರೇ. ಅವರಲ್ಲಿ ಮಾಳಪ್ಪ ಎಂಬವನು ಕಾಸಾರಶಿರಸಿ ಹತ್ತಿರದ ಒಂದು ಕುರಿಗಾರರ ವಸ್ತಿಯವನು. ಹತ್ತುವುದರಲ್ಲಿ ಅವನ ಸರಿಸಮ ಇನ್ನೊಬ್ಬನಿಲ್ಲ. ತಲೆಯ ಮೇಲೆ ಕೆಂಪು ಪಟಗಾ, ಎಂದರೆ ರುಮಾಲು. ಅದರ ಅಂಚಿಗೆ ಹೆಂಡತಿ ನಿಂಗಮ್ಮ ಕರಿ ಉಣ್ಣೆಯ ದಾರದಿಂದ ಹೊಲಿಗೆ ಹಾಕಿದ್ದಳು. ಆ ಸೀಮೆಯ ಕುರಿಗಾರರು ಅರ್ಧ ಹರದಾರಿ ದೂರದಿಂದಲೇ ಪಟಗಾ ನೋಡಿ ಮಾಳಪ್ಪ ಬಂದ ಅನ್ನುತ್ತಿದ್ದರು.

ಮೊದಲ ನೆತ್ತಿಯ ಮೇಲೆ ಕಲ್ಲು ಒಟ್ಟಿ ಮುಗಿದಾಗ ಗಾಳಿಗೆ ನಮ್ಮ ಕೆಂಪು ಬಟ್ಟೆ ಚಿಂದಿಯಾಯಿತು. ಬೇರೆ ಬಟ್ಟೆ ಇರಲಿಲ್ಲ. ನನ್ನ ಕಣ್ಣು ಮಾಳಪ್ಪನ ತಲೆಯ ಮೇಲೆ ಬಿತ್ತು.

"ನಿನ್ನ ಪಟಗಾ ಬಿಚ್ಚಿ ಕಟ್ಟು" ಎಂದೆ.

ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಬ್ಯಾಡ್ರೀ ಸಾಹೇಬ್ರ. ತಲೀಮ್ಯಾಗಿಂದು ಗುಡ್ಡದ ಮ್ಯಾಗ ಬಿಟ್ಟು ಹೋಗಬಾರದ್ರೀ. ಯಾಕಂದ್ರ..."

"ಯಾಕಂದ್ರ ಗೀಕಂದ್ರ ನನ್ನ ಮುಂದ ಬ್ಯಾಡ. ಕಟ್ಟಂದ್ರ ಕಟ್ಟು!"

ಕಟ್ಟಿದ. ಆ ದಿನ ಸಂಜೆ, ಸಂತೆಯ ದಿನ ಮನೆಗೆ ಹೋಗಿ ಬರುತ್ತೇನೆ, ಹಿಮ್ಮಡಿಯಲ್ಲಿ ಮುಳ್ಳು ಮುರಿದುಕೊಂಡಿದೆ ಎಂದು ಕೇಳಿದ. "ನಮ್ಮಾಕಿ ತಗೀತಾಳ್ರೀ. ಅಕಿ ಕೈ ಹಗುರ." ಕೆಲಸ ಹಿಂದೆ ಬೀಳುತ್ತದೆಂದು ಆ ರಜೆಯನ್ನೂ ಕೊಡಲಿಲ್ಲ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂಬತ್ತನೆಯ ದಿನ ಮೂರನೆಯ ನೆತ್ತಿಯಿಂದ ಹಿಂದಕ್ಕೆ ಯಂತ್ರ ತಿರುಗಿಸಿ ಮಾಳಪ್ಪನ ಪಟಗಾ ಹಿಡಿದೆ. ಬಟ್ಟೆ ಇತ್ತು. ಆದರೆ ಅದರ ಬುಡದ ಕಲ್ಲುಗುಡ್ಡೆ ದೊಡ್ಡದಾಗಿ ಕಂಡಿತು. ಬುಡ ಮತ್ತು ತುದಿಯ ಕೋನ ಓದಿ ಲೆಕ್ಕ ಹಾಕಿದೆ. ನಾಲ್ಕು ಅಡಿ ಇದ್ದದ್ದು ಆರು ಅಡಿ! ಎಲ್ಲೋ ಓದುವಾಗ ತಪ್ಪಿದೆ ಎಂದು ಮೂರು ಸಲ ಓದಿದೆ. ಮೂರು ಸಲವೂ ಆರೇ ಬಂತು. ನಾಲ್ಕು ದಿನ ಬಿಟ್ಟು ಇನ್ನೊಂದು ನೆತ್ತಿಯಿಂದ ನೋಡಿದರೆ ಏಳು ದಾಟಿತ್ತು. ಊರಿಲ್ಲದ, ಮನೆಯಿಲ್ಲದ ಕಾಡುಗುಡ್ಡ. ಗಂಟೆಗಟ್ಟಲೆ ಕಣ್ಣು ಹಚ್ಚಿ ಕೂತರೂ ಒಂದು ನರಪಿಳ್ಳೆ ಕಾಣಲಿಲ್ಲ. ಗುಡ್ಡೆ ಮಾತ್ರ ನಾನು ನೋಡದಿರುವಾಗ ಬೆಳೆಯುತ್ತಿತ್ತು.

ಅದೇ ದಿನಗಳಲ್ಲಿ ಇನ್ನೊಂದು ಶುರುವಾಯಿತು. ದಾರಿಯಲ್ಲಿ ಬೀರಣ್ಣ ಮುತ್ಯಾ ಎಂಬ ಮುದಿ ಕುರಿಗಾರ ಹಿಂಡಿನ ಸಮೇತ ಎದುರಾದ. ಮಾಳಪ್ಪನಿಗೆ ದೂರದ ಸಂಬಂಧಿ. "ಮುತ್ಯಾ, ಆರಾಮ ಅದೀ?" ಎಂದು ಇವನು ಓಡಿಹೋದ. ಮುದುಕ ನಿಲ್ಲಲಿಲ್ಲ. ಮುಖ ತಿರುಗಿಸಿ, ಕಂಬಳಿ ತಲೆಗೆಳೆದುಕೊಂಡು, ಕುಲದೇವರು ಬೀರಪ್ಪನ ಹೆಸರು ಹೇಳುತ್ತ ಕುರಿಗಳನ್ನು ಪೊದೆಯೊಳಗೆ ಹೊಡೆದುಬಿಟ್ಟ. ಹೋಗುವ ಮುಂಚೆ ಬಂಡೆಯ ಮೇಲೆ ಅರ್ಧ ರೊಟ್ಟಿ ಇಟ್ಟ. ಇಟ್ಟಾಗಲೂ ನಮ್ಮ ಕಡೆ ನೋಡಲಿಲ್ಲ. ಮರುದಿನ ಇನ್ನಿಬ್ಬರು ಕುರಿಗಾರರು ಹಾಗೆಯೇ ಮಾಡಿದರು. ನನ್ನೊಡನೆ ಮಾತಾಡಿದರು, ಉಳಿದ ಖಲಾಸಿಗಳೊಡನೆ ಮಾತಾಡಿದರು. ಮಾಳಪ್ಪ ನಿಂತ ಜಾಗದ ಕಡೆ ಕಣ್ಣೆತ್ತಲಿಲ್ಲ.

ಕುರಿಗಾರರ ಕಿವಿಮಾತು ಕೇಳಿದ ಮೇಲೆ ಉಳಿದ ಮೂವರು ಖಲಾಸಿಗಳೂ ಅವನಿಂದ ದೂರ ಕೂತು ಉಣ್ಣತೊಡಗಿದರು. ಕೇಳಿದರೆ ಬಾಯಿ ಬಿಡಲಿಲ್ಲ. ಮಾಳಪ್ಪ ಊಟ ಬಿಟ್ಟ. ಕುಂಟುತ್ತ ಹತ್ತುತ್ತಿದ್ದ. ಒಂದು ಬೆಳಿಗ್ಗೆ ಮಂಜಿನಲ್ಲಿ ನನ್ನ ಹತ್ತಿರ ಬಂದು ನಿಂತ.

"ಸಾಹೇಬ್ರ, ಖರೇ ಹೇಳ್ರೀ. ನಾ ಅದೀನೋ ಇಲ್ಲೋ?"

ಛೀ, ಏನು ಮಾತೋ ಇದು ಎಂದು ಗದರಿಸಿದೆ. ಆದರೆ ಆ ದಿನವೇ ಎದುರಿನ ನೆತ್ತಿಯಲ್ಲಿ ಅವನನ್ನು ನಿಲ್ಲಿಸಿ ದುರ್ಬೀನಿನಲ್ಲಿ ಕಣ್ಣಿಟ್ಟಾಗ, ಅವನು ಬಿಳಿ ಮಂಜಿನೊಳಗೆ ತಲೆಕೆಳಗಾಗಿ ಅಲುಗಾಡದೆ ತೂಗುತ್ತಿದ್ದ. ವರ್ಷಗಟ್ಟಲೆ ನೋಡಿದ ನೋಟವೇ ಅದು. ಆದರೂ ಅವನು ಕೆಳಗಿಳಿದು ಬಂದಾಗ ನಾನು ಮೊದಲು ನೋಡಿದ್ದು ಅವನ ಪಾದಗಳನ್ನು. ಹಿಂದುಮುಂದಾಗಿವೆಯೇ ಎಂದು. ಓದು ಬರಹ ಕಲಿತವನು, ಯಂತ್ರ ಹಿಡಿದವನು, ಹಾಗೆ ನೋಡಿದೆ. ಅವನಿಗೂ ಅದು ತಿಳಿಯಿತು.

ನಾಚಿಕೆಯಿಂದಲೇ ಕೆಲಸ ನಿಲ್ಲಿಸಿ ಅವನನ್ನು ಕರೆದುಕೊಂಡು ಮೊದಲ ಗುಡ್ಡಕ್ಕೆ ಹೊರಟೆ. ಎರಡು ದಿನದ ದಾರಿ. ನಡುಮಧ್ಯಾಹ್ನ ನೆತ್ತಿ ಮುಟ್ಟಿದಾಗ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಪಟಗಾ ಪಟಪಟ ಬಡಿಯುತ್ತಿತ್ತು. ಕಲ್ಲುಗುಡ್ಡೆ ನನ್ನ ತಲೆಗಿಂತ ಎತ್ತರ. ಕಲ್ಲಿನ ಸಂದುಗಳಲ್ಲಿ ಉಣ್ಣೆಯ ಎಳೆ, ಬಟ್ಟೆಯ ಚೂರು, ಒಣಗಿದ ರೊಟ್ಟಿ. ಬುಡದಲ್ಲಿ ಒಂದು ಹಿಡಿ ಹಸಿರು ಬಳೆಚೂರು. ಮಾಳಪ್ಪ ಕುಕ್ಕರಿಸಿ ಒಂದು ಚೂರು ಎತ್ತಿಕೊಂಡ.

"ನಮ್ಮಾಕೀವು. ಕಾಸಾರಶಿರಸಿ ಸಂತ್ಯಾಗ ನಾನೇ ಇಡಿಸಿದ್ನಿ."

ಆಮೇಲೆ ಎಲ್ಲ ಹೇಳಿದ. ಗುಡ್ಡದಲ್ಲಿ ಚಿರತೆ ಹಿಡಿದೋ ಜಾರಿ ಬಿದ್ದೋ ಸತ್ತವನ ಹೆಣ ಸಿಗದಿದ್ದರೆ, ಅವರ ಕಡೆ ಅಲ್ಲಿ ಕಲ್ಲು ಒಟ್ಟಿ ಅವನ ತಲೆಬಟ್ಟೆ ಕಟ್ಟುತ್ತಾರೆ. ಹಾದುಹೋಗುವ ಪ್ರತಿಯೊಬ್ಬ ಕುರಿಗಾರನೂ ಒಂದು ಕಲ್ಲು ಇಡಬೇಕು. ಇಟ್ಟು ಹಿಂದಿರುಗಿ ನೋಡದೆ ನಸುಕಿನಲ್ಲೇ ಹೋಗಬೇಕು. ಆಮೇಲೆ ಆ ಸತ್ತವನು ಎಲ್ಲಿ ಕಂಡರೂ ಮಾತಾಡಿಸಬಾರದು, ರೊಟ್ಟಿ ಇಟ್ಟು ದಾಟಿಹೋಗಬೇಕು.

"ಆವತ್ತೇ ಯಾಕ ಹೇಳಲಿಲ್ಲೋ?"

"ಹೇಳ್ಳಿಕ್ಕೇ ಹೊಂಟಿದ್ನಿರೀ. ನೀವು ಒದರಿದ್ರಿ."

ಬದುಕಿದ್ದವನನ್ನು ನಾನು ಸರ್ಕಾರಿ ಹುಕುಮಿನ ಮೇಲೆ ಸಾಯಿಸಿದ್ದೆ.

ಮರುದಿನ ಬೆಳಿಗ್ಗೆ ಅವನ ವಸ್ತಿಗೆ ಹೋದೆವು. ಬಿಸಿಲು ಬಿದ್ದಿತ್ತು. ನಮ್ಮನ್ನು ಕಂಡು ಒಂದೊಂದೇ ಬಾಗಿಲು ಹಾಕಿಕೊಂಡವು. ನಿಂಗಮ್ಮ ಮಾತ್ರ ಹೊಸ್ತಿಲ ಮೇಲೆ ನಿಂತಳು. ಕೈ ಬೋಳು, ಹಣೆ ಬೋಳು. ಮಾಳಪ್ಪ ಅವಳ ಹೆಸರು ಕರೆದ. ಇವ ಬದುಕಿದ್ದಾನೆ ತಾಯಿ ಎಂದು ನಾನು ಹೇಳಿದೆ. ನನ್ನ ಮಾತೂ ಅವಳ ಕಿವಿಗೆ ಬೀಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳ ಕಣ್ಣು ಅವನ ಕುಂಟುಗಾಲಿನ ಮೇಲೆ ನಿಂತಿತು.

"ಕಾಲಿಗೇನಾಗ್ಯಾದ?"

"ಮುಳ್ಳು ಮುರದಾದ."

ಅವಳು ಅಲ್ಲೇ ಕೂತಳು. ಸೊಂಟದ ಚೀಲದಿಂದ ಚಿಮಟಿಗೆ ತೆಗೆದಳು. "ಇಡು ಇಲ್ಲಿ" ಎಂದು ತೊಡೆ ತೋರಿಸಿದಳು. ಅವನು ಬಾಗಿಲ ಚೌಕಟ್ಟು ಹಿಡಿದು ಕಾಲಿಟ್ಟ. ಹಿಮ್ಮಡಿಯನ್ನು ಒತ್ತಿದಳು, ಕೆದಕಿದಳು, ಎಳೆದಳು. ಕರಿ ಮುಳ್ಳು ಹೊರಬಂತು. ಅದರ ಹಿಂದೆ ಕೀವು, ಕೀವಿನ ಹಿಂದೆ ಕೆಂಪು ರಕ್ತ. ಬೆರಳಿಂದ ಮುಟ್ಟಿ ನೋಡಿದಳು.

"ಬಿಸಿ ಅದ" ಎಂದಳು.

ಆಮೇಲೆ ಆ ಪಾದವನ್ನು ಎದೆಗೊತ್ತಿಕೊಂಡು ಅತ್ತಳಲ್ಲ, ಆ ದನಿಗೆ ವಸ್ತಿಯ ಬಾಗಿಲುಗಳೆಲ್ಲ ತೆರೆದವು. ನಾನೂ ಅತ್ತೆ.

ಕೈ ಮುಗಿದು, ತಪ್ಪು ನನ್ನದು ತಾಯಿ, ಅವ ಬೇಡ ಅಂದರೂ ನಾನೇ ಕಟ್ಟಿಸಿದೆ ಎಂದೆ. ಅವಳು ಕಣ್ಣೊರೆಸಿಕೊಂಡು ಬೋಳು ಕೈಗಳನ್ನು ನನ್ನ ಮುಂದೆ ಹಿಡಿದಳು. "ಹಂಗಂದ್ರ ನೀವೇ ಹೋಗಿ ಬಿಚ್ಚಿ ತರ್ರಿ ಸಾಹೇಬ್ರ. ನೀವೊಬ್ರೇ ಹೋಗ್ರಿ."

ನಸುಕಿಗೆ ನೆತ್ತಿ ಮುಟ್ಟುವಂತೆ ಮರುದಿನ ಕತ್ತಲಲ್ಲೇ ಒಬ್ಬನೇ ಹೋದೆ. ಅಷ್ಟು ಗುಡ್ಡ ಹತ್ತಿದವನಿಗೆ ಆ ಗುಡ್ಡದಷ್ಟು ಉದ್ದ ಯಾವುದೂ ಆಗಲಿಲ್ಲ. ಹಿಂದೆ ಯಾರೋ ಬರುತ್ತಿದ್ದಾರೆಂದು ಐದಾರು ಸಲ ತಿರುಗಿ ನೋಡಿದೆ. ನೆತ್ತಿಯ ಮೇಲೆ ನಿಜಕ್ಕೂ ಒಬ್ಬ ನಿಂತಿದ್ದ. ಕೈಯಲ್ಲಿ ಕಲ್ಲು ಹಿಡಿದ ಬೀರಣ್ಣ ಮುತ್ಯಾ. ನಾನು ಪಟಗಾ ಬಿಚ್ಚುತ್ತಿದ್ದಂತೆ "ಸತ್ತವಂದು ಮುಟ್ಟಬ್ಯಾಡ್ರೀ!" ಎಂದು ಕೂಗಿದ.

"ಸತ್ತಿಲ್ಲ ಮುತ್ಯಾ. ಮಾಳಪ್ಪ ಮನಿಯಾಗ ರೊಟ್ಟಿ ತಿನಲಿಕ್ಕತ್ಯಾನ."

ಮುದುಕನ ಕೈಯಿಂದ ಕಲ್ಲು ಜಾರಿತು. "ಕಣ್ಣೆದುರಿಗಿ ಬಂದು ಆರಾಮೇನು ಅಂದಾನರೀ... ನಾ ಮಾತಾಡಸಲಿಲ್ಲಲ್ರೀ" ಎಂದು ಹಣೆ ಹಣೆ ಬಡಿದುಕೊಂಡ. ಇಬ್ಬರೂ ಸೇರಿ ಗುಡ್ಡೆಯನ್ನು ಮತ್ತೆ ನಾಲ್ಕು ಅಡಿಗೆ ಇಳಿಸಿದೆವು. ಒಂದೊಂದು ಕಲ್ಲು ಎತ್ತುವಾಗಲೂ ಅವನು ಅದನ್ನು ಇಟ್ಟವನ ಹೆಸರು ಹೇಳುತ್ತಿದ್ದ.

ಮಾಳಪ್ಪ ಮುಂದೆಯೂ ನನ್ನ ಜೊತೆ ದುಡಿದ. ಪಟಗಾ ಮಾತ್ರ ನಿಂಗಮ್ಮ ಮನೆಯಿಂದ ಹೊರಗೆ ಬಿಡಲಿಲ್ಲ. ನಾನು ನೌಕರಿಯ ಕೊನೆಯವರೆಗೂ, ಎಲ್ಲೇ ಕಲ್ಲು ಒಟ್ಟುವ ಮುಂಚೆ, ಆ ದಾರಿ ನಡೆಯುವವರನ್ನು ಕರೆದು ಕೂರಿಸಿ ಕೇಳಿದ್ದೇನೆ: ಇದನ್ನು ಇಲ್ಲಿ ಬಿಟ್ಟು ಹೋದರೆ ನೀವು ಏನೆಂದು ತಿಳಿಯುತ್ತೀರಿ? ಕೇಳಿ, ಅವರು ಮಾತು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿದ್ದೇನೆ. ಅಮೀನನಿಗೆ ಯಂತ್ರ ಓದುವುದಕ್ಕಿಂತ ಅದು ಕಷ್ಟ. ಬಟ್ಟೆ ಸಾಲದೆ ಬಂದಾಗ ನನ್ನ ರುಮಾಲನ್ನೇ ಗಳಕ್ಕೆ ಕಟ್ಟಿ ಬರಿದಲೆಯಲ್ಲಿ ನಿಂತು ಕೋನ ಓದಿದ್ದೇನೆ. ಹಾಗೆ ಕಟ್ಟಿದ ದಿನಗಳಲ್ಲೆಲ್ಲ ಮನೆಗೆ ಒಂದು ಕಾರ್ಡು ಬರೆಯುತ್ತಿದ್ದೆ. ನನ್ನ ಹೆಂಡತಿ ಅವನ್ನೆಲ್ಲ ಕೂಡಿಟ್ಟಿದ್ದಾಳೆ. ಎಲ್ಲದರಲ್ಲೂ ಒಂದೇ ಸಾಲು: ಯಾರು ಬಂದು ಏನೇ ಹೇಳಲಿ, ನಾನು ಬದುಕಿದ್ದೇನೆ, ಬಳೆ ತೆಗೆಯಬೇಡ.