ಎರಡನೆಯ ದಿನದ ಆಟ

ಮುನಿರಾಮಪ್ಪ ಮೇಷ್ಟ್ರು ಡ್ರಿಲ್ ಕಲಿಸುವುದಕ್ಕೆ ಕೋಲಾರಕ್ಕೆ ಬಂದದ್ದು ೧೯೩೧ರಲ್ಲಿ, ಬೇಸಿಗೆ ರಜೆ ಮುಗಿದ ಮೇಲೆ. ಅವರ ಊರು ಮಾಲೂರು ತಾಲ್ಲೂಕಿನ ಲಕ್ಕೂರು. ಅದಕ್ಕೆ ಮುಂಚೆ ಎಂಟು ವರ್ಷ ಬೆಂಗಳೂರಿನಲ್ಲಿ ಮಹಾರಾಜರ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದರು. ಹಾಕಿ ಅವರಿಗೆ ಅಂಟಿಕೊಂಡದ್ದು ಅಲ್ಲೇ. ಬರುವಾಗ ಒಂದು ಟ್ರಂಕು, ಹೆಂಡತಿ ಭಾರತಮ್ಮ, ಗೋಣಿತಾಟಿನಲ್ಲಿ ಸುತ್ತಿದ ನಾಲ್ಕು ಹಳೆಯ ಸ್ಟಿಕ್ಕು, ಇಷ್ಟೇ ಅವರ ಜೊತೆ ಬಂದದ್ದು. ಆಗ ನಾನು ವೇಮಗಲ್‌ನಿಂದ ಬಂದು ಹೈಸ್ಕೂಲಿನಲ್ಲಿ ಓದುತ್ತಿದ್ದೆ. ನನ್ನ ಹೆಸರು ಸೊಣ್ಣಪ್ಪ. ಆ ಸ್ಟಿಕ್ಕುಗಳು ನಮ್ಮನ್ನು ಹೊಡೆಯುವುದಕ್ಕೇ ಬಂದಿವೆ ಎಂದು ಹೆದರಿದವರಲ್ಲಿ ನಾನೂ ಒಬ್ಬ.

ಊರಿನಲ್ಲಿ ಆಗ ಹಾಕಿ ಆಡುವವರು ಇರಲಿಲ್ಲ. ಚಿನ್ನದ ಗಣಿಯ ಕಡೆ ದೊರೆಗಳೂ ಅವರ ಗುಮಾಸ್ತರೂ ಆಡುತ್ತಾರಂತೆ ಎಂದು ಕೇಳಿದ್ದೆವು, ಅಷ್ಟೆ. ಮೇಷ್ಟ್ರು ಕೆರೆಯ ಪಕ್ಕದ ಬಯಲಿನಲ್ಲಿ ನಮ್ಮ ಕೈಯಿಂದ ಎರಡು ತಿಂಗಳು ಕಲ್ಲು ಹೆಕ್ಕಿಸಿದರು. ನಾಲ್ಕು ಸ್ಟಿಕ್ಕು ಇಪ್ಪತ್ತೆರಡು ಹುಡುಗರಿಗೆ ಸಾಲದು. ಬಾಗಿದ ಹುಣಸೆ ಕೊಂಬೆ ಎಲ್ಲಿ ಕಂಡರೂ ಕಡಿದು ತಂದು ಬಡಗಿಯ ಹತ್ತಿರ ಕೆತ್ತಿಸುತ್ತಿದ್ದೆವು. ಬರಿಗಾಲಿನಲ್ಲೇ ಆಟ. ಸಂಜೆ ಮನೆಗೆ ಹೋದರೆ ಮೊಣಕಾಲಿನಿಂದ ಕೆಳಗೆ ಎಲ್ಲಾ ಕಡೆ ಬಾವು. ಆದರೂ ಮಾರನೇ ದಿನ ಒಬ್ಬನೂ ತಪ್ಪಿಸುತ್ತಿರಲಿಲ್ಲ.

ಮೇಷ್ಟ್ರದು ಮಾತು ಕಡಿಮೆ. ಹೊಡೆಯುತ್ತಲೂ ಇರಲಿಲ್ಲ. ಚೆನ್ನಾಗಿ ಆಡಿದವನ ಹತ್ತಿರ ಹೋಗಿ ಅವನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು ಸುಮ್ಮನೆ ಮುಂದಕ್ಕೆ ನಡೆಯುತ್ತಿದ್ದರು. ಆ ಕೈಗಾಗಿ ನಾವು ಪ್ರಾಣ ಬಿಟ್ಟು ಓಡುತ್ತಿದ್ದೆವು.

ನಾಲ್ಕು ವರ್ಷದಲ್ಲಿ ಹಾಕಿ ನಮ್ಮ ಕಡೆ ಬೇರು ಬಿಟ್ಟಿತು. ಹೈಸ್ಕೂಲು ಮುಗಿಸಿ ಅಮಲ್ದಾರರ ಕಚೇರಿಯಲ್ಲೋ ಮಂಡಿಯಲ್ಲೋ ಕೆಲಸಕ್ಕೆ ಸೇರಿದವರಿಗೂ ಆಟ ಬಿಡಲಾಗಲಿಲ್ಲ. ಅವರಿಗಾಗಿ ಮೇಷ್ಟ್ರು ಒಂದು ಕ್ಲಬ್ಬು ಕಟ್ಟಿದರು. ನಮ್ಮನ್ನು ನೋಡಿ ಮಾಲೂರಿನವರು ಕಟ್ಟಿದರು, ಆಮೇಲೆ ಮುಳಬಾಗಿಲಿನವರು. ಶ್ರೀನಿವಾಸಪುರದಲ್ಲಿ ಹನ್ನೊಂದು ಜನ ಸಿಗುವುದೇ ಕಷ್ಟ. ಅಲ್ಲಿ ಐವತ್ತು ದಾಟಿದ ಪೋಸ್ಟ್ ಮಾಸ್ತರರೇ ಗೋಲಿನಲ್ಲಿ ನಿಲ್ಲುತ್ತಿದ್ದರು. ಬೆಂಗಳೂರಿನ ಕಾಲೇಜುಗಳೂ ತಂಡ ಬೆಳೆಸುತ್ತಿದ್ದ ಕಾಲ. ನಿಮ್ಮಲ್ಲಿ ಚೆನ್ನಾಗಿ ಆಡುವ ಹುಡುಗರಿದ್ದರೆ ಕಳಿಸಿ, ಹಾಸ್ಟೆಲಿನಲ್ಲಿ ಜಾಗ ಕೊಡುತ್ತೇವೆ ಎಂದು ಮೇಷ್ಟ್ರಿಗೆ ಕಾಗದ ಬರುವಷ್ಟರ ಮಟ್ಟಿಗೆ ಹೆಸರಾಯಿತು.

ಹಾಗೆ ಹೋದವನು ಕೋದಂಡರಾಮ.

ಅವನು ಟೇಕಲ್‌ನವನು. ತಂದೆ ಇರಲಿಲ್ಲ. ತಾಯಿ ದೊಡ್ಡಗಂಗಮ್ಮ ಎರಡೆಕರೆ ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳ ಸಾಕುತ್ತಿದ್ದಳು. ಮಿಡ್ಲ್‌ಸ್ಕೂಲು ಮುಗಿಸಿದ್ದ ಹುಡುಗ ಊರ ಬಂಡೆಯ ಮೇಲೆ ದನ ಅಟ್ಟಿಕೊಂಡು ಓಡುತ್ತಿದ್ದದ್ದನ್ನು ಕಂಡು ಮೇಷ್ಟ್ರು ತಾವೇ ಅವನ ಮನೆಗೆ ಹೋಗಿದ್ದರು. ಜೊತೆಗೆ ನಾನೂ ಇದ್ದೆ.

"ಓದುಸ್ತೀನಿ ಅಂದ್ರೆ ಕಳಿಸ್ತೀನಿ ಮೇಷ್ಟ್ರೇ," ಎಂದಳು ದೊಡ್ಡಗಂಗಮ್ಮ. "ಕೋಲು ಹಿಡ್ಕೊಂಡು ಓಡೋಕೆ ಅಂದ್ರೆ ಕಳ್ಸಲ್ಲ. ನಂಗಿರೋನು ಒಬ್ನೇ."

"ಓದೂ ಇರ್ತದೆ, ಆಟಾನೂ ಇರ್ತದೆ. ನಮ್ಮನೇಲೇ ಇರ್ಲಿ. ನಮಗೂ ಮಕ್ಳಿಲ್ಲ. ನಮ್ಮ ಹುಡುಗನ ಹಂಗೆ ನೋಡ್ಕೋತೀವಿ."

ಆಕೆ ಬಹಳ ಹೊತ್ತು ಮೇಷ್ಟ್ರ ಮುಖವನ್ನೇ ನೋಡಿ ಹೂಂ ಅಂದಳು.

ಮೂರು ವರ್ಷ ಕೋದಂಡ ಮೇಷ್ಟ್ರ ಮನೆಯಲ್ಲಿ ಉಂಡು ಬೆಳೆದ. ಭಾರತಮ್ಮನವರು ಅವನಿಗೆ ತಲೆಗೆ ಎಣ್ಣೆ ಹಚ್ಚುವುದೇನು, ಅವನು ಹಿತ್ತಲಿನಲ್ಲಿ ಅವರಿಗೆ ನೀರು ಸೇದಿ ಕೊಡುವುದೇನು, ನೋಡಿದವರು ಹೊಟ್ಟೆಯ ಮಗನೇ ಅನ್ನಬೇಕು. ಮುಂದಿನ ಸಾಲಿನಲ್ಲಿ ಎಡಗಡೆ ಅವನ ಜಾಗ. ಚೆಂಡು ಸಿಕ್ಕಿದರೆ ಅವನ ಸ್ಟಿಕ್ಕಿನಿಂದ ಬಿಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಮೂವತ್ತಾರರಲ್ಲಿ ಬೆಂಗಳೂರಿನ ಕಾಲೇಜಿಗೆ ಸೇರಿದ. ಮಾರನೇ ವರ್ಷ ಪತ್ರಿಕೆಯಲ್ಲಿ ಅವನ ಹೆಸರು ಬಂತು. ಮೇಷ್ಟ್ರು ಆ ಹಾಳೆ ಕತ್ತರಿಸಿ ಟೇಕಲ್‌ಗೆ ಒಯ್ದು ಓದಿ ಹೇಳಿ ಬಂದರು. ಅವರು ನಕ್ಕದ್ದನ್ನು ನಾನು ಚೆನ್ನಾಗಿ ಕಂಡದ್ದು ಆ ದಿನಗಳಲ್ಲಿ ಮಾತ್ರ.

ಮೂವತ್ತೊಂಬತ್ತರ ಜನವರಿಯಲ್ಲಿ ನಮ್ಮ ಕ್ಲಬ್ಬು ಕೋಲಾರದಲ್ಲಿ ಎರಡು ದಿನದ ಪಂದ್ಯ ಏರ್ಪಡಿಸಿತು. ಮೊದಲ ದಿನ ನಮಗೂ ಮುಳಬಾಗಿಲಿನವರಿಗೂ ಆಟ. ಗೆದ್ದವರಿಗೆ ಎರಡನೇ ದಿನ ಬೆಂಗಳೂರಿನಿಂದ ಬರುವ ಒಂದು ಕಾಲೇಜು ತಂಡದ ಜೊತೆ ಆಟ. ಕಾಲೇಜು ತಂಡವೊಂದು ನಮ್ಮ ಬಯಲಿಗೆ ಬಂದು ಆಡುವುದು ಅದೇ ಮೊದಲು. ಊರೆಲ್ಲಾ ಅದೇ ಮಾತು. ಕೋದಂಡ ರಜೆಗೆ ಬಂದಿದ್ದ. ಬರುವ ತಂಡ ಅವನ ಕಾಲೇಜಿನದಲ್ಲ, ಹಾಗಾಗಿ ನಮ್ಮ ಕಡೆಯಿಂದ ಆಡಲು ಒಪ್ಪಿದ್ದ.

ಮೊದಲ ದಿನ ಆಟ ಇನ್ನೇನು ಮುಗಿಯಬೇಕು, ಮುಳಬಾಗಿಲಿನವನೊಬ್ಬ ಬೀಸಿ ಹೊಡೆದ ಚೆಂಡು ಮೇಲೆದ್ದು ಕೋದಂಡನ ಎಡಕಿವಿಯ ಮೇಲುಗಡೆ ಬಡಿಯಿತು. ತೆಂಗಿನಕಾಯಿ ಒಡೆದ ಹಾಗೆ ಸದ್ದು. ಅವನು ಕೂತುಬಿಟ್ಟ. ನಾವೆಲ್ಲಾ ಓಡಿದೆವು. ರಕ್ತ ಬಂದಿರಲಿಲ್ಲ. ನೀರು ಚಿಮುಕಿಸಿದ ಮೇಲೆ ಎದ್ದು ನಿಂತು, "ಏನಿಲ್ಲ ಕಣ್ರೋ, ಆಡ್ರೋ," ಎಂದು ನಕ್ಕ. ಆಟ ಮುಗಿಯಿತು. ನಾವು ಗೆದ್ದೆವು.

ಮಾರನೇ ದಿನ ಬೆಳಿಗ್ಗೆ ನಾನು ಮೇಷ್ಟ್ರ ಮನೆಗೆ ಹೋದಾಗ ಅವರು ಜಗಲಿಯ ಮೇಲೆ ಕೂತು ಸ್ಟಿಕ್ಕಿನ ಹಿಡಿಗೆ ದಾರ ಸುತ್ತುತ್ತಿದ್ದರು. ಕೋದಂಡ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದ. ಮುಖ ಬೂದಿಯ ಹಾಗಿತ್ತು.

"ಸಾರ್, ತಲೆ ಒಂಥರಾ ಭಾರ. ರಾತ್ರಿ ತಿಂದಿದ್ದು ಎರಡು ಸಲ ಕಕ್ಕೊಂಡೆ. ನೋಡಿದ್ದು ಎರಡೆರಡಾಗಿ ಕಾಣ್ತದೆ."

ಮೇಷ್ಟ್ರು ದಾರ ಸುತ್ತುವುದನ್ನು ನಿಲ್ಲಿಸಿದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅಂದರು: "ನಿದ್ದೆ ಸಾಲ್ದು ಕಣೋ. ಒಂದು ಲೋಟ ಕಾಫಿ ಕುಡ್ದು ಮಲಕ್ಕೋ. ಮಧ್ಯಾಹ್ನಕ್ಕೆ ಸರಿಹೋಗ್ತದೆ. ನೀನಿಲ್ದಿದ್ರೆ ಇವತ್ತು ಕಾಲೇಜಿನೋರ ಎದುರಿಗೆ ನಾವು ಹೆಂಗೆ ನಿಲ್ಲೋದು?"

"ಆಯ್ತು ಸಾರ್," ಎಂದ ಕೋದಂಡ.

ಬಾಗಿಲ ಹಿಂದಿನಿಂದ ಭಾರತಮ್ಮನವರು, "ಒಂದ್ ಸಲ ಡಾಕ್ಟ್ರಿಗೆ ತೋರ್ಸಿ, ಯಾಕೋ ಹುಡುಗ ಸರಿಯಾಗಿಲ್ಲ," ಎಂದರು. "ಸಂಜೆ ತೋರ್ಸಣ ಬಿಡು," ಎಂದರು ಮೇಷ್ಟ್ರು. ನನಗೂ ಆ ಆಟ ಬೇಕಾಗಿತ್ತು.

ನಾಲ್ಕು ಗಂಟೆಗೆ ಆಟ ಶುರುವಾಯಿತು. ಬಯಲಿನ ಸುತ್ತ ಅಷ್ಟು ಜನವನ್ನು ನಾನು ಹಿಂದೆ ನೋಡಿರಲಿಲ್ಲ. ಅರ್ಧ ಆಟದ ತನಕ ಕೋದಂಡ ಆಡಿದ. ಎಂದಿನ ವೇಗ ಇರಲಿಲ್ಲ. ಆದರೂ ಒಂದು ಗೋಲು ಹೊಡೆದ. ಜನ ಟೋಪಿ ಎಸೆದು ಕೂಗಿದರು. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷ ಆಗಿರಬಹುದು. ಚೆಂಡು ಬಯಲಿನ ಆ ಕೊನೆಯಲ್ಲಿತ್ತು. ಅವನ ಹತ್ತಿರ ಯಾರೂ ಇರಲಿಲ್ಲ. ನಿಂತವನು ನಿಂತ ಹಾಗೇ ಸ್ಟಿಕ್ಕು ಕೈಬಿಟ್ಟ. ಯಾರನ್ನೋ ಹುಡುಕುವ ಹಾಗೆ ಒಂದು ಸುತ್ತು ತಿರುಗಿ ನೆಲಕ್ಕೆ ಬಿದ್ದ.

ಮಂಚದ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕಣ್ಣು ಬಿಡಿಸಿ ದೀಪ ಹಿಡಿದು ನೋಡಿದರು. "ನಿನ್ನೆ ಏಟು ಬಿದ್ದಿದೆ ಅಂತೀರಿ. ಆಮೇಲೆ ತಲೆನೋವು ಅಂದನೇ? ವಾಂತಿ ಆಯಿತೇ?" ಎಂದು ಕೇಳಿದರು.

"ಇಲ್ಲ ಸಾರ್. ಏನೂ ಹೇಳ್ಲಿಲ್ಲ," ಎಂದರು ಮೇಷ್ಟ್ರು.

ನಾನು ಪಕ್ಕದಲ್ಲೇ ನಿಂತಿದ್ದೆ.

ಟೇಕಲ್‌ಗೆ ತಂತಿ ಹೋಯಿತು. ದೊಡ್ಡಗಂಗಮ್ಮ ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಾಯಿಸಿ ಕೋಲಾರಕ್ಕೆ ಬಂದು ಇಳಿಯುವಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನವಾಗಿತ್ತು. ಕೋದಂಡನ ಪ್ರಾಣ ಹೋಗಿ ಒಂದು ಗಂಟೆಯಾಗಿತ್ತು. ಆಕೆ ಅಳಲಿಲ್ಲ. ಮಗನ ಪಾದ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು, "ಏನಾಯ್ತು ಮೇಷ್ಟ್ರೇ?" ಎಂದಳು.

"ಆಡ್ತಾ ಆಡ್ತಾ ಬಿದ್ಬಿಟ್ಟ ತಾಯಿ. ಹಿಂದಿನ ದಿನ ಚೆಂಡು ತಗುಲಿತ್ತು. ನೋವಾಗ್ತದೆ ಅಂತ ಒಂದು ಮಾತೂ ಹೇಳ್ಲಿಲ್ಲ."

"ಹೇಳ್ಲಿಲ್ವಾ ನಾಯನಾ?" ಎಂದು ಆಕೆ ಮಗನನ್ನೇ ಕೇಳಿದಳು. ಭಾರತಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಹೊರಕ್ಕೆ ಹೋದರು.

ಅಂದಿನಿಂದ ಮೇಷ್ಟ್ರು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಶಾಲೆಯಲ್ಲಿ ಬರೀ ಡ್ರಿಲ್ ಮಾಡಿಸುತ್ತಿದ್ದರು. ಆಟ ಮಾತ್ರ ಅವರಿಲ್ಲದೆಯೂ ಬೆಳೆಯಿತು. ಎರಡು ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ಒಂಬತ್ತು ಕ್ಲಬ್ಬುಗಳಾದವು. ಗಣಿಯ ತಂಡಗಳು ನಮ್ಮ ಬಯಲಿಗೆ ಬಂದವು. ಪ್ರತಿ ವರ್ಷ ನಮ್ಮ ಹುಡುಗರು ನಾಲ್ಕೈದು ಜನ ಕಾಲೇಜು ತಂಡಗಳಿಗೆ ಸೇರಿದರು. ಹೊಸಬರಿಗೆ ಮುನಿರಾಮಪ್ಪ ಅಂದರೆ ಯಾರು ಎಂದು ಗೊತ್ತಿರಲಿಲ್ಲ. ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಕ್ಲಬ್ಬಿನ ಕಾರ್ಯದರ್ಶಿಯೂ ಆದೆ. ನಲವತ್ತೆರಡರಲ್ಲಿ ಚಳವಳಿ ಶುರುವಾಗಿ ಕಾಲೇಜುಗಳು ಮುಚ್ಚಿದವು. ನಮ್ಮ ತಂಡದ ಐವರು ಜೈಲಿಗೆ ಹೋದರು. ಯುದ್ಧದಿಂದಾಗಿ ಸ್ಟಿಕ್ಕೂ ಚೆಂಡೂ ಬರುವುದು ನಿಂತಿತು. ಬಯಲಿನಲ್ಲಿ ಮತ್ತೆ ಮುಳ್ಳು ಬೆಳೆಯಿತು.

ಮೇಷ್ಟ್ರ ಮನೆಯಲ್ಲಿ ಗಂಡ ಹೆಂಡಿರ ನಡುವೆ ಮಾತು ಸತ್ತುಹೋಗಿತ್ತು. ನಾನು ಹೋದಾಗಲೆಲ್ಲ ಭಾರತಮ್ಮನವರು ಕಾಫಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ಒಂದು ದಿನ ಮಾತ್ರ ಬಾಗಿಲಲ್ಲಿ ನಿಂತು, "ಸೊಣ್ಣಪ್ಪ, ನೀನಾದ್ರೂ ಇವರಿಗೆ ಹೇಳು. ಆ ತಾಯಿ ಹತ್ರ ಹೋಗಿ ನಿಜ ಹೇಳಿ ಬರ್ಲಿ. ಈ ಮನೇಲಿ ನಂಗೆ ಅನ್ನ ಇಳೀತಿಲ್ಲ," ಎಂದರು. ಮೇಷ್ಟ್ರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ನಲವತ್ನಾಲ್ಕರ ಮಳೆಗಾಲದಲ್ಲಿ ವಿಷಮಶೀತ ಜ್ವರ ಬಂದು ಹದಿನೆಂಟನೇ ದಿನ ಭಾರತಮ್ಮನವರು ತೀರಿಕೊಂಡರು. ಕೊನೆಯ ಎರಡು ದಿನ ಜ್ವರದ ಬಡಬಡಿಕೆಯಲ್ಲಿ ಕೋದಂಡನಿಗೆ ಊಟ ಬಡಿಸಿದಿರಾ ಎಂದು ಕೇಳುತ್ತಲೇ ಇದ್ದರು.

ನಲವತ್ತಾರರಲ್ಲಿ ಮೇಷ್ಟ್ರು ಕೆಲಸ ಬಿಟ್ಟರು. ಲಕ್ಕೂರಿಗೆ ಹೊರಡುವ ವಾರ ನನ್ನ ಮನೆಗೆ ಬಂದು, "ನಾಳೆ ಟೇಕಲ್‌ಗೆ ಹೋಗ್ತೀನಿ. ನೀನೂ ಬರ್ತೀಯಾ?" ಎಂದರು. ಮಾರನೇ ಬೆಳಿಗ್ಗೆ ಇಬ್ಬರೂ ಹೊರಟೆವು.

ದೊಡ್ಡಗಂಗಮ್ಮನ ಮನೆಯಲ್ಲಿ ಹುಳ ಹಣ್ಣಾಗಿದ್ದ ದಿನ ಅದು. ಆಕೆ ತಟ್ಟೆಯ ಮುಂದೆ ಕೂತು, ಹಳದಿ ತಿರುಗಿದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ಗುರುತಿಸಿ ಚಾಪೆ ತೋರಿಸಿದಳು. ಮೇಷ್ಟ್ರು ಕೂರಲಿಲ್ಲ. ನಿಂತುಕೊಂಡೇ ಹೇಳಿದರು. ಆ ಬೆಳಿಗ್ಗೆ ಕೋದಂಡ ಹೇಳಿದ್ದು, ತಾವು ಕಾಫಿ ಕುಡಿ ಎಂದದ್ದು, ಡಾಕ್ಟರ ಹತ್ತಿರ ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವರ ಕೈ ಎರಡೂ ಡ್ರಿಲ್ಲಿನಲ್ಲಿ ನಿಂತ ಹಾಗೆ ತೊಡೆಗೆ ಅಂಟಿಕೊಂಡಿದ್ದವು.

ಆಕೆಯ ಕೈ ನಿಂತಿತು. ನನ್ನ ಕಡೆ ತಿರುಗಿ, "ನೀನೂ ಕೇಳಿಸ್ಕೊಂಡಿದ್ದೇನಪ್ಪಾ?" ಎಂದಳು.

"ಹೂಂ ಅಮ್ಮ."

"ಆವಾಗ್ಲೇ ಡಾಕ್ಟ್ರ ಹತ್ರ ಹೋಗಿದ್ರೆ ಉಳೀತಿದ್ನಾ?"

"ಗೊತ್ತಿಲ್ಲ ತಾಯಿ," ಎಂದರು ಮೇಷ್ಟ್ರು. "ಉಳೀತಿದ್ನೇನೋ."

ಆಕೆ ನಮ್ಮಿಬ್ಬರನ್ನೂ ನೋಡದೆ ಹೇಳಿದಳು: "ಏಳು ವರ್ಷ ಆಯ್ತು. ದಿನಾ ಬೆಳಿಗ್ಗೆ ಎದ್ದು ನಾನು ಅವನನ್ನೇ ಬಯ್ದಿದೀನಿ. ತಲೆ ನೋಯ್ತದೆ ಅಂತ ಬಾಯಿಬಿಟ್ಟು ಒಂದು ಮಾತು ಅಂದಿದ್ರೆ ಆಗ್ತಿರ್ಲಿಲ್ವಾ, ಅಮ್ಮನಿಗಿಂತ ಆಟ ಹೆಚ್ಚಾಯ್ತೇನೋ ನಿಂಗೆ, ಅಂತ. ತಿಥಿ ದಿನಾನೂ ಬಯ್ದೆ. ಎಡೆ ಇಟ್ಟು ಬಯ್ದೆ. ಅವನು ಹೇಳಿದ್ದ. ನನ್ನ ಕೂಸು ಹೇಳಿದ್ದ."

ಮೇಷ್ಟ್ರು ಕೈಮುಗಿದು ನೆಲಕ್ಕೆ ಬಾಗಲು ಹೋದರು.

"ಬೇಡ," ಎಂದಳು ಆಕೆ. "ನನ್ನ ಕಾಲು ಮುಟ್ಟಬೇಡಿ. ಹೋಗಿ. ಹುಳ ಕಾಯಲ್ಲ."

ಟೇಕಲ್ ಸ್ಟೇಷನ್ನಿನ ತನಕ ನಾವಿಬ್ಬರೂ ನಡೆದೆವು. ಗಾಡಿಗೆ ಇನ್ನೂ ಎರಡು ಗಂಟೆಯಿತ್ತು. ಬೆಂಚಿನ ಮೇಲೆ ಕೂತು ಮೇಷ್ಟ್ರು, "ಹೇಳಿದ್ರೆ ಹಗುರ ಆಗ್ತದೆ ಅನ್ಕೊಂಡಿದ್ದೆ ಕಣೋ," ಎಂದರು. ಅಷ್ಟೇ. ಅವರು ಮಾಲೂರು ಕಡೆಗೆ ಹೋದರು, ನಾನು ಬೌರಿಂಗ್‌ಪೇಟೆ ಕಡೆಗೆ.

ಲಕ್ಕೂರಿನಲ್ಲಿ ಅವರು ಎರಡು ವರ್ಷ ಇದ್ದರು. ಅಣ್ಣನ ಮನೆಯ ಹೊರಕೋಣೆಯಲ್ಲಿ ವಾಸ. ಹಳ್ಳಿಯ ಹುಡುಗರು ಹಾಕಿ ಕಲಿಸಿ ಎಂದು ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತಿದ್ದರಂತೆ. ನಲವತ್ತೆಂಟರ ಕಾರ್ತಿಕದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಯುದ್ಧ ಮುಗಿದ ಮೇಲೆ ನಮ್ಮ ಬಯಲಿನಲ್ಲಿ ಆಟ ಮತ್ತೆ ಶುರುವಾಗಿತ್ತು. ನಾನು ಕ್ಲಬ್ಬಿನ ಪರವಾಗಿ ಎಲ್ಲಾ ಕಡೆ ಕಾಗದ ಬರೆದೆ. ಹನ್ನೊಂದನೇ ದಿನ ಭಾನುವಾರ ಬಿತ್ತು. ಅಂದೇ ಬೆಂಗಳೂರಿನಲ್ಲಿ ಕಾಲೇಜುಗಳ ಪಂದ್ಯವಿತ್ತು; ನಮ್ಮ ಹುಡುಗರು ಏಳು ಜನ ಅದರಲ್ಲಿ ಆಡುತ್ತಿದ್ದರು, ಬರಲಾಗುವುದಿಲ್ಲ ಎಂದು ತಿಳಿಸಿದರು. ಹಳೆಯ ತಂಡದಿಂದ ಬಂದವರು ನನ್ನನ್ನೂ ಸೇರಿ ಮೂವರು. ಟೇಕಲ್‌ಗೂ ಹೇಳಿ ಕಳಿಸಿದ್ದೆ. ಹೋಗಿ ಬಂದವನು, ಆಯಮ್ಮ ಕೇಳಿಸಿಕೊಂಡು ಒಳಗೆ ಹೋದಳು ಎಂದು ಹೇಳಿದ. ಹನ್ನೊಂದನೇ ದಿನದ ಊಟ ಮುಗಿದ ಮೇಲೆ ನಾವು ಮೂವರೂ ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯಲ್ಲಿ ನಿಂತೆವು. ಒಬ್ಬ ಹಳೆಯ ಆಟದ ಮಾತು ತೆಗೆದ. ಇನ್ನೊಬ್ಬ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.